ಒಂದೇ ಮನೆ, ಮೂರು ಪ್ರಕರಣ: ಸಾಮಾಜಿಕ ತನಿಖಾ ವರದಿಯಲ್ಲಿ ಏನು ಬರೆಯಬೇಕು, ಯಾರಿಗೆ ಕೊಡಬೇಕು?

ಪ್ರಶ್ನೆ: ಎಂ.ಎಸ್.ಡಬ್ಲ್ಯೂ. ವಿದ್ಯಾರ್ಥಿನಿ, ವಿಜಯಪುರ

ಎಲ್ಲರಿಗೂ ನಮಸ್ಕಾರ. ನಾನು ಎಂ.ಎಸ್.ಡಬ್ಲ್ಯೂ. (ಸಮಾಜಕಾರ್ಯ ಸ್ನಾತಕೋತ್ತರ ಪದವಿ) ಮೂರನೆಯ ಸೆಮಿಸ್ಟರಿನಲ್ಲಿದ್ದೇನೆ. ಈ ಸಲದ ಕ್ಷೇತ್ರಕಾರ್ಯಕ್ಕೆ ಮಕ್ಕಳ ರಕ್ಷಣೆಯ ವಿಭಾಗ ಸಿಕ್ಕಿದ್ದು, ವಾರಕ್ಕೆ ಎರಡು ದಿನ ಪರಿವೀಕ್ಷಣಾಧಿಕಾರಿಗಳ (ಪ್ರೊಬೇಷನ್ ಅಧಿಕಾರಿಗಳ) ಜೊತೆ ಹಳ್ಳಿಗಳಿಗೆ ಹೋಗಿ, ಮಗುವಿನ ಮನೆ, ಹಿನ್ನೆಲೆಗಳ ಬಗ್ಗೆ ಅವರು ಬರೆಯುವ ಸಾಮಾಜಿಕ ತನಿಖಾ ವರದಿಗೆ ಮಾಹಿತಿ ಸಂಗ್ರಹಿಸಿಕೊಡುತ್ತೇನೆ. ಈಗ ಒಂದು ಮನೆಯ ವಿಷಯದಲ್ಲಿ ಗೊಂದಲಕ್ಕೆ ಬಿದ್ದಿದ್ದೇನೆ. (ಊರಿನ ಹೆಸರನ್ನು ಮೊದಲು ಬರೆದಿದ್ದೆ, ಹಿರಿಯರೊಬ್ಬರು ಎಚ್ಚರಿಸಿದ್ದರಿಂದ ತೆಗೆದಿದ್ದೇನೆ. ಗುರುತು ಸಿಗಬಹುದಾದ ಇತರ ವಿವರಗಳನ್ನೂ ಬದಲಿಸಿದ್ದೇನೆ.)

ಆ ಮನೆಯ ತಾಯಿ ದಸರೆ ಕಳೆದ ಮೇಲೆ ಕಬ್ಬಿನ ಗ್ಯಾಂಗಿನ ಜೊತೆ ಕಟಾವಿಗೆ ಹೋಗುತ್ತಾರೆ. ತಂದೆ ನಾಲ್ಕು ವರ್ಷಗಳಿಂದ ಸಾಂಗ್ಲಿಯ ಕಡೆ ಬೇರೆ ಸಂಸಾರ ಮಾಡಿಕೊಂಡಿದ್ದಾರೆ. ಹದಿನಾರು ವರ್ಷದ ಮಗ ಇಬ್ಬರು ದೊಡ್ಡವರ ಜೊತೆ ಸೇರಿ ಹೊಲದ ಬೋರ್‌ವೆಲ್ಲಿನ ಕೇಬಲ್ ಕಿತ್ತು ಮಾರಿದನೆಂದು ಬಾಲ ನ್ಯಾಯ ಮಂಡಳಿಯ ಮುಂದೆ ಪ್ರಕರಣವಿದೆ. ಹದಿನೇಳು ನಡೆಯುತ್ತಿರುವ ಮಗಳನ್ನು ಸೋದರಮಾವನಿಗೆ ಕೊಡಲು ಗೊತ್ತುಮಾಡಿದ್ದರು. ಯಾರೋ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿದ್ದರಿಂದ ಅಧಿಕಾರಿಗಳು ಬಂದು ಮದುವೆ ನಿಲ್ಲಿಸಿ, ತಾಯಿಯಿಂದ ಮುಚ್ಚಳಿಕೆ ಬರೆಸಿಕೊಂಡು, ಹುಡುಗಿಯನ್ನು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಿದರು. ಇದರ ನಡುವೆ ತಾಯಿ ಜೀವನಾಂಶಕ್ಕೆಂದು ಕೌಟುಂಬಿಕ ನ್ಯಾಯಾಲಯಕ್ಕೆ ಹೋಗಿದ್ದಾರೆ. ತಂದೆಯೋ, “ಇವಳಿಗೆ ಮಕ್ಕಳನ್ನು ಸಾಕಲು ಬರುವುದಿಲ್ಲ” ಎಂದು ಒಂಬತ್ತು ವರ್ಷದ ಕಿರಿಯ ಮಗನನ್ನು ತನಗೆ ಒಪ್ಪಿಸಬೇಕೆಂದು ಅರ್ಜಿ ಹಾಕಿದ್ದಾರೆ.

ಕಳೆದ ವಾರ ತಂದೆಯ ಪರ ವಕೀಲರ ಕಡೆಯವರು ನನಗೆ ಫೋನ್ ಮಾಡಿ, ಮಂಡಳಿಗೆ ಕೊಡುವ ವರದಿಯ ಜೆರಾಕ್ಸ್ ಪ್ರತಿ ಬೇಕೆಂದು ಕೇಳಿದರು. ನಾನು ಏನೂ ಹೇಳದೆ ಫೋನ್ ಇಟ್ಟೆ. ಪ್ರತಿ ಕೊಡಬಹುದೇ? ಕೊಡದಿದ್ದರೆ ನನ್ನನ್ನೇ ಸಾಕ್ಷಿಗೆ ಕರೆಯಬಹುದೇ? ಮಗನ ವಿಚಾರವಾಗಿ ಮಾತನಾಡಿಸಲು ಹೋದಾಗ ತಾಯಿ ಮಗಳ ಮದುವೆಯ ಬಗ್ಗೆ ಕಣ್ಣೀರು ಹಾಕುತ್ತಾ, “ನಾವು ಕಬ್ಬ ಕಡ್ಯಾಕ ಹೋದ ಮ್ಯಾಲ ಹರೇದ ಹುಡುಗೀನ ಮನ್ಯಾಗ ಒಬ್ಬಾಕಿನ್ನ ಹ್ಯಾಂಗ ಬಿಟ್ಟ ಹೋಗೂದ್ರಿ?” ಎಂದರು. ಈ ಮಾತನ್ನು ಮಗನ ವರದಿಯಲ್ಲಿ ಬರೆಯಬೇಕೇ? ಇನ್ನೊಂದು ಸಂದೇಹ: ಬಾಲ್ಯವಿವಾಹವನ್ನು ಹುಡುಗಿ ಬೇಕಾದರೆ ರದ್ದುಪಡಿಸಿಕೊಳ್ಳಬಹುದು ಎಂದು ನಮ್ಮ ಪಠ್ಯದಲ್ಲಿದೆ; ಮೇಲ್ವಿಚಾರಕರು ಅದು ಮೊದಲಿನಿಂದಲೇ ಅಸಿಂಧು ಎನ್ನುತ್ತಾರೆ. ಯಾವುದು ಸರಿ?

ಉತ್ತರ 1: ನಿವೃತ್ತ ಪರಿವೀಕ್ಷಣಾಧಿಕಾರಿ, ಬಾಗಲಕೋಟೆ

ತಂಗಿ, ಊರಿನ ಹೆಸರು ತೆಗೆದದ್ದು ಒಳ್ಳೆಯದಾಯಿತು. 2015ರ ಬಾಲ ನ್ಯಾಯ ಕಾಯ್ದೆಯ 74ನೆಯ ಕಲಮು ಪತ್ರಿಕೆಗಳಿಗೆ ಮಾತ್ರ ಅನ್ವಯಿಸುತ್ತದೆಂದು ಬಹಳ ಜನ ತಿಳಿದಿದ್ದಾರೆ. ಮಗುವಿನ ಹೆಸರು, ವಿಳಾಸ, ಶಾಲೆ, ಗುರುತು ಹಚ್ಚಲು ನೆರವಾಗುವ ಯಾವ ವಿವರವನ್ನೂ ಯಾವುದೇ ಸಂವಹನ ಮಾಧ್ಯಮದಲ್ಲಿ ಬಹಿರಂಗಪಡಿಸಬಾರದೆಂಬುದು ಅದರ ಆಶಯ. ಉಲ್ಲಂಘಿಸಿದರೆ ಆರು ತಿಂಗಳವರೆಗಿನ ಸೆರೆವಾಸ, ಎರಡು ಲಕ್ಷ ರೂಪಾಯಿಯವರೆಗಿನ ದಂಡ ಅಥವಾ ಎರಡೂ ಆಗಬಹುದು. ಕಾಲೇಜಿನಲ್ಲಿ ಒಪ್ಪಿಸುವ ಕ್ಷೇತ್ರಕಾರ್ಯದ ದಿನಚರಿ ಪುಸ್ತಕಕ್ಕೂ ಇದೇ ಎಚ್ಚರ ಬೇಕು.

ಪ್ರತಿಯ ವಿಷಯದಲ್ಲಿ ಅನುಮಾನಕ್ಕೆ ಎಡೆಯಿಲ್ಲ: ಕೊಡಬಾರದು. ಸಮಿತಿ ಅಥವಾ ಮಂಡಳಿ ಪರಿಶೀಲಿಸುವ, ಮಗುವಿಗೆ ಸಂಬಂಧಿಸಿದ ಎಲ್ಲ ವರದಿಗಳೂ ಗೋಪ್ಯವೆಂದು 99ನೆಯ ಕಲಮು ಹೇಳುತ್ತದೆ. ವರದಿಯ ಸಾರಾಂಶವನ್ನು ಇನ್ನೊಂದು ಸಮಿತಿಗೆ, ಮಂಡಳಿಗೆ, ಮಗುವಿಗೆ ಅಥವಾ ತಂದೆತಾಯಿಗೆ ತಿಳಿಸುವ ಅಧಿಕಾರ ಇರುವುದು ಸಮಿತಿಗೆ ಮತ್ತು ಮಂಡಳಿಗೆ. ನಿಮಗೂ ಇಲ್ಲ, ನಿಮ್ಮ ಪರಿವೀಕ್ಷಣಾಧಿಕಾರಿಗೂ ಇಲ್ಲ. ಪ್ರತಿ ಕೇಳಿಸಿದವರು ಮಗುವಿನ ತಂದೆಯೇ ಆದ್ದರಿಂದ ಅವರೇ ಮಂಡಳಿಯ ಮುಂದೆ ಬಂದು ಅರ್ಜಿ ಕೊಡಲಿ, ಏನನ್ನು ತಿಳಿಸಬೇಕೆಂದು ಮಂಡಳಿ ತೀರ್ಮಾನಿಸುತ್ತದೆ. ಫೋನ್ ಬಂದ ದಿನಾಂಕ, ವೇಳೆ, ಅವರು ಕೇಳಿದ್ದು ಇಷ್ಟನ್ನೂ ಬರೆದು ಇವತ್ತೇ ಮೇಲ್ವಿಚಾರಕರಿಗೆ ಕೊಡಿ.

ಇನ್ನು ತಾಯಿಯ ಮಾತು. ಒಂದು ವರದಿ ಒಂದು ಮಗುವಿನದು. ಇದನ್ನು ನಾನು ತಡವಾಗಿ ಕಲಿತೆ. ಕಾನೂನಿನೊಂದಿಗೆ ಸಂಘರ್ಷಕ್ಕೊಳಗಾದ (ಅಂದರೆ ಅಪರಾಧದ ಆರೋಪ ಹೊತ್ತ) ಮಗುವಿಗೆ 2016ರ ಮಾದರಿ ನಿಯಮಗಳ 6ನೆಯ ನಮೂನೆ, ಪಾಲನೆ ಮತ್ತು ರಕ್ಷಣೆಯ ಅಗತ್ಯವಿರುವ ಮಗುವಿಗೆ 22ನೆಯ ನಮೂನೆ. ಎರಡರಲ್ಲಿಯೂ ಕುಟುಂಬದ ಹಿನ್ನೆಲೆಯ ಕಾಲಮುಗಳು ಇರುವುದರಿಂದ ಕೈಗೆ ಸಿಕ್ಕಿದ್ದನ್ನೆಲ್ಲ ತುಂಬುವ ಆಸೆಯಾಗುತ್ತದೆ. ಸೇವೆಗೆ ಸೇರಿದ ಎರಡನೆಯ ವರ್ಷ ನಾನು ಒಬ್ಬ ಹುಡುಗನ ವರದಿಯಲ್ಲಿ, “ತಾಯಿಯ ನಡತೆ ಸರಿಯಿಲ್ಲವೆಂದು ನೆರೆಯವರು ಹೇಳುತ್ತಾರೆ” ಎಂದು ಬರೆದೆ. ಕಳವಿಗೂ ಆ ಮಾತಿಗೂ ಯಾವ ಸಂಬಂಧವೂ ಇರಲಿಲ್ಲ. ಮುಂದಿನ ವಿಚಾರಣೆಯ ದಿನ ಆ ವಾಕ್ಯವನ್ನು ಹುಡುಗನ ಎದುರಿಗೇ ಓದಲಾಯಿತು. ಅವನು ತಲೆ ತಗ್ಗಿಸಿ, ಅಂಗಿಯ ಕೆಳಗಿನ ಗುಂಡಿಯನ್ನು ತಿರುವುತ್ತಾ ತಿರುವುತ್ತಾ ಅದು ಕಿತ್ತು ಕೈಗೆ ಬಂದದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಅಂದಿನಿಂದ ನನ್ನ ನೋಟ್‌ಬುಕ್ಕಿನ ಹಾಳೆಯಲ್ಲಿ ಎರಡು ಗೆರೆ ಎಳೆದು, ಕಣ್ಣಾರೆ ಕಂಡದ್ದು, ಇಂಥವರು ಹೇಳಿದ್ದು, ನನ್ನ ಅನಿಸಿಕೆ ಎಂದು ಬೇರೆ ಬೇರೆಯಾಗಿ ಬರೆಯತೊಡಗಿದೆ. ವರದಿ ಬರೆಯುವಾಗ ಪ್ರತಿ ವಾಕ್ಯಕ್ಕೂ, ಇದು ಈ ಮಗುವಿನ ಬಗ್ಗೆ ಮಂಡಳಿ ಆದೇಶ ಮಾಡಲು ಬೇಕೇ ಎಂದು ಕೇಳಿಕೊಳ್ಳುತ್ತಿದ್ದೆ.

ನಿಮ್ಮ ಹುಡುಗನ ವರದಿಗೆ ಬೇಕಾದದ್ದು ಬೇರೆಯೇ ಇದೆ. ತಾಯಿ ಕಟಾವಿಗೆ ಹೋದ ಐದಾರು ತಿಂಗಳು ಅವನು ಯಾರ ಹತ್ತಿರ ಉಣ್ಣುತ್ತಾನೆ, ಶಾಲೆ ಯಾವಾಗ ಬಿಟ್ಟ, ಏಕೆ ಬಿಟ್ಟ, ಆ ಇಬ್ಬರು ದೊಡ್ಡವರ ಪರಿಚಯ ಎಲ್ಲಿ ಆಯಿತು, ಕೇಬಲ್ ಮಾರಿದ ಹಣ ಯಾರ ಕೈಗೆ ಹೋಯಿತು ಎಂಬುದನ್ನು ತಿಳಿಯಿರಿ. ಅಕ್ಕನ ವಿಷಯಕ್ಕೆ, “ಕುಟುಂಬದ ಇನ್ನೊಂದು ಮಗುವಿನ ವಿಷಯ ಮಕ್ಕಳ ಕಲ್ಯಾಣ ಸಮಿತಿಯ ಮುಂದಿದೆ” ಎಂಬ ಒಂದೇ ವಾಕ್ಯ ಸಾಕು. ತಾಯಿಯ ಮಾತು ಹುಡುಗಿಯ ವರದಿಗೆ ಸೇರಬೇಕು, ಅಲ್ಲಿ ಅದನ್ನು ಬಿಡಲೂ ಬಾರದು. ಏಕೆಂದರೆ ಆ ಮದುವೆಯ ಹಿಂದಿರುವ ಕಾರಣವೇ ಅದು.

ಸಾಧ್ಯವಾದರೆ ಕಟಾವಿನ ಜಾಗಕ್ಕೂ ಒಮ್ಮೆ ಹೋಗಿ ಬನ್ನಿ. ಮನೆಗೆ ಬೀಗ ಬಿದ್ದಿದೆ ಎಂದು ಬರೆದು ವರದಿ ಮುಗಿಸಿದ್ದನ್ನು ನಾನು ನೋಡಿದ್ದೇನೆ. ಮೊದಲ ಸಲ ಮಗುವನ್ನು ಹಾಜರುಪಡಿಸಿದ ದಿನದಿಂದ ಹದಿನೈದು ದಿನಗಳೊಳಗೆ ಮಂಡಳಿಗೆ ವರದಿ ಹೋಗಬೇಕು, ಕಬ್ಬಿನ ಹಂಗಾಮು ಮುಗಿಯುವವರೆಗೆ ಅದು ಕಾಯುವುದಿಲ್ಲ. ಮುಧೋಳದ ಕಡೆ ಒಂದು ಗ್ಯಾಂಗಿನ ಗುಡಿಸಲುಗಳಿಗೆ ನಾನು ಸಂಜೆ ಏಳಕ್ಕೆ ಹೋಗಿದ್ದೆ. ತಾಡಪತ್ರಿಯ ಮೇಲೆ ರವದಿ (ಕಬ್ಬಿನ ಒಣ ಗರಿ) ಹೊದಿಸಿದ ಗುಡಿಸಲು. ಒಳಗೆ ಒಬ್ಬ ಹನ್ನೊಂದು ವರ್ಷದ ಹುಡುಗಿ ತಮ್ಮನನ್ನು ತೊಡೆಯ ಮೇಲೆ ಮಲಗಿಸಿಕೊಂಡೇ ರೊಟ್ಟಿ ತಟ್ಟುತ್ತಿದ್ದಳು. ಊರಿನ ಮನೆಯ ಕಟ್ಟೆಯ ಮೇಲೆ ಕುಳಿತು ಮೂರು ತಾಸು ಕೇಳಿದ್ದರೂ ನನಗೆ ಆ ಕುಟುಂಬ ಅಷ್ಟು ಅರ್ಥವಾಗುತ್ತಿರಲಿಲ್ಲ.

ಉತ್ತರ 2: ವಕೀಲೆ, ಬೆಳಗಾವಿ

ನಿಮ್ಮ ಪಠ್ಯವೂ ತಪ್ಪಲ್ಲ, ಮೇಲ್ವಿಚಾರಕರೂ ತಪ್ಪಲ್ಲ. 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಯ 3ನೆಯ ಕಲಮಿನ ಮೂಲ ರೂಪದ ಪ್ರಕಾರ, ಮದುವೆಯ ಹೊತ್ತಿಗೆ ಮಗುವಾಗಿದ್ದವರು ಪ್ರಾಪ್ತವಯಸ್ಕರಾಗಿ ಎರಡು ವರ್ಷ ತುಂಬುವುದರೊಳಗೆ ಅರ್ಜಿ ಹಾಕಿ ಮದುವೆಯನ್ನು ರದ್ದುಪಡಿಸಿಕೊಳ್ಳಬಹುದು. ಕರ್ನಾಟಕವು 2016ರ ತಿದ್ದುಪಡಿಯ ಮೂಲಕ ಅದೇ ಕಲಮಿಗೆ (1ಎ) ಉಪಕಲಮನ್ನು ಸೇರಿಸಿ, ತಿದ್ದುಪಡಿ ಜಾರಿಗೆ ಬಂದ ನಂತರ ನಡೆಯುವ ಪ್ರತಿಯೊಂದು ಬಾಲ್ಯವಿವಾಹವೂ ಆರಂಭದಿಂದಲೇ ಅಸಿಂಧು ಎಂದಿತು. ಅದಕ್ಕೆ ರಾಷ್ಟ್ರಪತಿಗಳ ಅಂಕಿತ ದೊರೆತದ್ದು 2017ರ ಏಪ್ರಿಲ್‌ನಲ್ಲಿ. ಅದೇ ವರ್ಷದ ಅಕ್ಟೋಬರ್‌ನಲ್ಲಿ ಸರ್ವೋಚ್ಚ ನ್ಯಾಯಾಲಯವು ‘ಇಂಡಿಪೆಂಡೆಂಟ್ ಥಾಟ್’ ಪ್ರಕರಣದ ತೀರ್ಪಿನಲ್ಲಿ, ಉಳಿದ ರಾಜ್ಯಗಳೂ ಕರ್ನಾಟಕದ ದಾರಿ ಹಿಡಿಯುವುದು ವಿವೇಕದ ಕೆಲಸವೆಂದು ಹೇಳಿತು. ದೇಶಕ್ಕೆಲ್ಲ ಒಂದೇ ಪಠ್ಯ ಬರೆದವರು ಇದನ್ನು ಬಿಟ್ಟಿರುತ್ತಾರೆ. ಪರೀಕ್ಷೆಯಲ್ಲಿ ಎರಡನ್ನೂ ಬರೆಯಿರಿ. ಕ್ಷೇತ್ರದಲ್ಲಿ ಮೊದಲು ಮದುವೆಯ ದಿನಾಂಕ ಮತ್ತು ಮದುವೆ ನಡೆದ ಸ್ಥಳ ಕೇಳಿ.

ಸ್ಥಳದ ಮಾತನ್ನು ಏಕೆ ಎತ್ತಿದೆನೆಂದರೆ ನಾವಿರುವುದು ಗಡಿಯಲ್ಲಿ. ಇಲ್ಲಿ ನಿಲ್ಲಿಸಿದ ಮದುವೆಯನ್ನು ಒಂದು ರಾತ್ರಿಯಲ್ಲಿ ಸೊಲ್ಲಾಪುರದ ಕಡೆಗೋ ಮೀರಜಿನ ಕಡೆಗೋ ಒಯ್ದು ಯಾವುದಾದರೂ ಗುಡಿಯಲ್ಲಿ ಮಾಡಿ ಮುಗಿಸುವುದುಂಟು. ಆಗ ಕರ್ನಾಟಕದ ತಿದ್ದುಪಡಿ ಆ ಮದುವೆಗೆ ಅನ್ವಯಿಸುತ್ತದೆಯೇ ಎಂಬ ವಾದಕ್ಕೆ ಎಡೆಯಾಗುತ್ತದೆ, ಹುಡುಗಿಯ ವರ್ಷಗಳು ಆ ವಾದದಲ್ಲಿಯೇ ಕಳೆಯುತ್ತವೆ. ಆದ್ದರಿಂದ ಬರಿಯ ಮುಚ್ಚಳಿಕೆಯನ್ನು ನಂಬಬೇಡಿ. 13ನೆಯ ಕಲಮಿನಡಿ ಪ್ರಥಮ ದರ್ಜೆ ನ್ಯಾಯಿಕ ದಂಡಾಧಿಕಾರಿಗಳಿಂದ ತಡೆಯಾಜ್ಞೆ ಪಡೆಯಲು ಬಾಲ್ಯವಿವಾಹ ನಿಷೇಧಾಧಿಕಾರಿಗೆ ಹೇಳಿ. ತುರ್ತು ಇದ್ದರೆ ಎದುರು ಪಕ್ಷಕ್ಕೆ ನೋಟಿಸು ಕೊಡದೆಯೇ ಮಧ್ಯಂತರ ಆಜ್ಞೆ ಸಿಗುತ್ತದೆ. ತಡೆಯಾಜ್ಞೆ ಮೀರಿ ನಡೆದ ಮದುವೆ 14ನೆಯ ಕಲಮಿನ ಪ್ರಕಾರ ಅಸಿಂಧು. ಆ ಕಲಮು ಕೇಂದ್ರ ಕಾಯ್ದೆಯದೇ ಆದ್ದರಿಂದ ಗಡಿ ದಾಟಿದರೂ ಅದರ ಬಲ ಕುಗ್ಗುವುದಿಲ್ಲ. ಹಿರಿಯರು ಮುಚ್ಚಳಿಕೆಯ ಬಗ್ಗೆ ಏನೂ ಹೇಳಿಲ್ಲ. ನನ್ನ ಅನುಭವದಲ್ಲಿ ಅದು ಕಡತಕ್ಕೆ ಸಮಾಧಾನ ಕೊಡುತ್ತದೆ, ಹುಡುಗಿಗೆ ರಕ್ಷಣೆ ಕೊಡುವುದಿಲ್ಲ.

ಹುಡುಗನ ವಿಷಯದಲ್ಲಿ ಒಂದು ಮಾತು. ತೆರೆದ ಹೊಲದಿಂದ ಕೇಬಲ್ ಕದ್ದದ್ದು ಸಾಮಾನ್ಯ ಕಳವಾದರೆ ಗರಿಷ್ಠ ಶಿಕ್ಷೆ ಮೂರು ವರ್ಷ, ಅಂದರೆ ಬಾಲ ನ್ಯಾಯ ಕಾಯ್ದೆಯ ಲೆಕ್ಕದಲ್ಲಿ ಸಣ್ಣ ಅಪರಾಧ. ಪಂಪಿನ ಶೆಡ್ಡಿನ ಒಳಗಿನಿಂದ ತೆಗೆದರೆಂದು ಪ್ರಕರಣ ಹಾಕಿದ್ದರೆ ಅದು ಏಳು ವರ್ಷದವರೆಗೆ ಶಿಕ್ಷೆಯಿರುವ ಗಂಭೀರ ಅಪರಾಧದ ಸಾಲಿಗೆ ಹೋಗಬಹುದು. ಯಾವ ಕಲಮು ಹಾಕಿದ್ದಾರೆಂದು ಮೊದಲು ನೋಡಿ. ಸಣ್ಣ ಅಪರಾಧದ ವಿಚಾರಣೆ ನಾಲ್ಕು ತಿಂಗಳಲ್ಲಿ, ಅವಧಿ ವಿಸ್ತರಿಸಿದರೆ ಮತ್ತೆರಡು ತಿಂಗಳಲ್ಲಿ ಮುಗಿಯದಿದ್ದರೆ ಪ್ರಕರಣವೇ ಮುಕ್ತಾಯವಾಗುತ್ತದೆ. ಜೊತೆಯಲ್ಲಿದ್ದ ದೊಡ್ಡವರ ವಿಚಾರಣೆ ಬೇರೆ ನ್ಯಾಯಾಲಯದಲ್ಲಿ ಪ್ರತ್ಯೇಕವಾಗಿಯೇ ನಡೆಯಬೇಕು.

ಉತ್ತರ 3: ಆಪ್ತಸಮಾಲೋಚಕಿ, ಕೌಟುಂಬಿಕ ಪ್ರಕರಣಗಳು, ವಿಜಯಪುರ

ತಂದೆಯ ಕಡೆಯವರು ಆ ವರದಿಗಾಗಿ ಏಕೆ ಹುಡುಕಾಡುತ್ತಿದ್ದಾರೆಂದು ನಿಮಗೆ ತಿಳಿದಿರಬೇಕು. 1984ರ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯ 14ನೆಯ ಕಲಮಿನಂತೆ, ವ್ಯಾಜ್ಯ ಬಗೆಹರಿಸಲು ನೆರವಾಗುವ ಯಾವುದೇ ವರದಿ ಅಥವಾ ದಾಖಲೆಯನ್ನು, ಸಾಕ್ಷ್ಯದ ಕಾನೂನಿನಡಿ ಅದು ಸಲ್ಲದಿದ್ದರೂ, ನ್ಯಾಯಾಲಯ ಸ್ವೀಕರಿಸಬಹುದು. ಬಾಗಿಲು ಅಷ್ಟು ಅಗಲವಾಗಿರುವುದರಿಂದಲೇ ನಿಮ್ಮ ಕೈಯಿಂದ ಜಾರಿದ ಒಂದು ಜೆರಾಕ್ಸ್ ಹಾಳೆ ಆ ತಾಯಿಯ ವಿರುದ್ಧ ನಿಲ್ಲಬಹುದು.

ಸಾಕ್ಷಿಗೆ ಕರೆಯಬಹುದೇ ಎಂದು ಕೇಳಿದ್ದೀರಿ. ಕರೆಯಬಹುದು. ವಕೀಲರಿಗೂ ಕಕ್ಷಿದಾರರಿಗೂ ನಡುವೆ ಇರುವ ಕಾನೂನಿನ ರಕ್ಷಣೆ ಸಮಾಜಕಾರ್ಯಕರ್ತರಿಗೆ ಇಲ್ಲ. ಸಮನ್ಸ್ ಬಂದರೆ ತಪ್ಪಿಸಿಕೊಳ್ಳಬೇಡಿ. ಮೇಲ್ವಿಚಾರಕರ ಮೂಲಕ ಮಂಡಳಿಗೆ ತಿಳಿಸಿ ಹಾಜರಾಗಿ, ವರದಿಯು ಬಾಲ ನ್ಯಾಯ ಕಾಯ್ದೆಯ 99ನೆಯ ಕಲಮಿನಡಿ ಗೋಪ್ಯವಾಗಿದೆ, ತಮ್ಮ ನಿರ್ದೇಶನವೇನು ಎಂದು ನ್ಯಾಯಾಧೀಶರನ್ನೇ ಕೇಳಿ. ನಿಮ್ಮ ಕೆಲಸ ಅಷ್ಟೇ.

ಆದರೆ ಯಾರಿಗೂ “ಇದು ಯಾವತ್ತಿಗೂ ಹೊರಗೆ ಹೋಗುವುದಿಲ್ಲ” ಎಂದು ಮಾತು ಕೊಡಬೇಡಿ. ಮಗುವಿನ ಅಭಿರಕ್ಷೆಯ (ಮಗು ಯಾರ ಬಳಿ ಇರಬೇಕೆಂಬ) ವ್ಯಾಜ್ಯದಲ್ಲಿ ಸಂಧಾನದ ವೇಳೆ ಆಪ್ತಸಮಾಲೋಚಕರು ಮಗುವಿನ ಬಗ್ಗೆ ಕೊಟ್ಟ ವರದಿಯನ್ನು ನ್ಯಾಯಾಲಯ ನೋಡಬಹುದೆಂದು 2019ರಲ್ಲಿ ಸರ್ವೋಚ್ಚ ನ್ಯಾಯಾಲಯ ಪೆರ್ರಿ ಕನ್ಸಾಗ್ರ ಪ್ರಕರಣದಲ್ಲಿ ತೀರ್ಮಾನಿಸಿದೆ. ಮಗುವಿನ ಹಿತದ ಮುಂದೆ ಸಂಧಾನದ ಗೋಪ್ಯತೆ ಹಿಂದೆ ಸರಿಯಬೇಕಾಯಿತು. ಇನ್ನೊಂದು, ಇದಕ್ಕಿಂತ ಕಟ್ಟುನಿಟ್ಟಾದದ್ದು: ಆ ಹುಡುಗಿ ಸೋದರಮಾವನಿಂದಾಗಲಿ ಬೇರೆಯವರಿಂದಾಗಲಿ ಲೈಂಗಿಕ ದೌರ್ಜನ್ಯವಾಗಿದೆಯೆಂದು ಹೇಳಿದರೆ, 2012ರ ಪೋಕ್ಸೊ ಕಾಯ್ದೆಯ 19ನೆಯ ಕಲಮಿನಂತೆ ನೀವು ಪೊಲೀಸರಿಗೆ ತಿಳಿಸಲೇಬೇಕು. ವಿದ್ಯಾರ್ಥಿನಿ ಎಂಬ ವಿನಾಯಿತಿ ಇಲ್ಲ. ಆದ್ದರಿಂದ ಮಾತು ಆರಂಭಿಸುವ ಮೊದಲೇ, “ನೀನು ಹೇಳಿದ್ದನ್ನು ಊರಿನವರಿಗೆ ಹೇಳುವುದಿಲ್ಲ, ಆದರೆ ನಿನ್ನನ್ನು ಕಾಪಾಡಲು ಕೆಲವರಿಗೆ ಹೇಳಬೇಕಾಗಬಹುದು” ಎಂದು ತಿಳಿಸಿ. ಇಷ್ಟು ಹೇಳಿದರೆ ಮಕ್ಕಳು ಮಾತು ನಿಲ್ಲಿಸುತ್ತಾರೆಂಬ ಭಯ ನನಗೂ ಇತ್ತು. ನಾನು ಕಂಡ ಹೆಚ್ಚಿನ ಮಕ್ಕಳು ನಿಲ್ಲಿಸಲಿಲ್ಲ.

ಕಿರಿಯ ಮಗನ ಬಗ್ಗೆ ತಾಯಿ ಈಗಲೇ ಎದೆಗುಂದಬೇಕಿಲ್ಲ. ಅಣ್ಣನ ಮೇಲಿನ ಪ್ರಕರಣವೊಂದರಿಂದಲೇ ತಮ್ಮನ ಅಭಿರಕ್ಷೆ ನಿರ್ಧಾರವಾಗುವುದಿಲ್ಲ. 1890ರ ಪಾಲಕರು ಮತ್ತು ಪಾಲ್ಯರ ಕಾಯ್ದೆಯಂತೆ ಅರ್ಜಿ ನಡೆಯುವುದು ಮಗು ಸಾಮಾನ್ಯವಾಗಿ ವಾಸಿಸುವ ಜಿಲ್ಲೆಯಲ್ಲಿ, ಅಂದರೆ ಸಾಂಗ್ಲಿಯಲ್ಲಲ್ಲ, ಇಲ್ಲಿ. ಮಗುವಿಗೆ ತಿಳಿದು ಹೇಳುವಷ್ಟು ವಯಸ್ಸಾಗಿದ್ದರೆ ಅದರ ಇಷ್ಟವನ್ನೂ ನ್ಯಾಯಾಲಯ ಪರಿಗಣಿಸಬಹುದು. ಶಾಲೆಯ ಹಾಜರಿ, ಲಸಿಕೆಯ ಕಾರ್ಡು, ಕಟಾವಿನ ತಿಂಗಳುಗಳಲ್ಲಿ ಅವನು ಯಾರ ಹತ್ತಿರ ಇರುತ್ತಾನೆ ಎಂಬುದಕ್ಕೆ ಆಧಾರ, ಇವುಗಳನ್ನು ತಾಯಿ ಸಿದ್ಧಮಾಡಿಕೊಳ್ಳಲಿ. ಹೆಣ್ಣುಮಕ್ಕಳಿಗೆ ಆದಾಯದ ಮಿತಿಯಿಲ್ಲದೆ ಕಾನೂನು ನೆರವು ಸಿಗುತ್ತದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅವರನ್ನು ಕರೆದುಕೊಂಡು ಹೋಗಿ.

ಮರುಪ್ರಶ್ನೆ: ಎಂ.ಎಸ್.ಡಬ್ಲ್ಯೂ. ವಿದ್ಯಾರ್ಥಿನಿ, ವಿಜಯಪುರ

ಮೂವರಿಗೂ ಧನ್ಯವಾದಗಳು. ಫೋನಿನ ವಿವರವನ್ನು ನಿನ್ನೆಯೇ ಬರೆದು ಕೊಟ್ಟಿದ್ದೇನೆ. ಶನಿವಾರ ಮತ್ತೆ ಆ ಮನೆಗೆ ಹೋದಾಗ ಇನ್ನೊಂದು ತೊಡಕು ಎದುರಾಯಿತು. ತಾಯಿ ತಗಡಿನ ಟ್ರಂಕಿನಿಂದ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟ ಕಾಗದಗಳನ್ನು ತೆಗೆದರು. ಶಾಲೆಯ ಪ್ರಮಾಣಪತ್ರದಲ್ಲಿ ಮಗಳ ಜನ್ಮದಿನ ಜೂನ್ 1 ಎಂದಿದೆ. ಇಬ್ಬರು ಗಂಡುಮಕ್ಕಳದ್ದೂ ಜೂನ್ 1! ತಾಯಿಯ ಪ್ರಕಾರ ಮಗಳು ಹುಟ್ಟಿದ್ದು ಅದಕ್ಕೂ ಮೊದಲಿನ ದೀಪಾವಳಿಯ ಪಾಡ್ಯದ ದಿನ, ಹಾಗಾಗಿ ಬರುವ ದೀಪಾವಳಿಗೆ ಹದಿನೆಂಟು ತುಂಬುತ್ತದೆ, ಆಮೇಲೆ ಮದುವೆ ಮಾಡಿದರೆ ತಪ್ಪೇನು ಎಂದು ಸೋದರಮಾವ ವಾದ ಮಾಡುತ್ತಿದ್ದಾರೆ. ಶಾಲೆಯ ದಾಖಲೆಯಂತೆ ಮುಂದಿನ ಜೂನ್‌ವರೆಗೆ ಕಾಯಬೇಕು.

ಉತ್ತರ 4: ನಿವೃತ್ತ ಪರಿವೀಕ್ಷಣಾಧಿಕಾರಿ, ಬಾಗಲಕೋಟೆ

ನಮ್ಮ ಭಾಗದಲ್ಲಿ ಅರ್ಧ ಊರು ಹುಟ್ಟಿದ್ದು ಜೂನ್ 1ಕ್ಕೇ. ಮಕ್ಕಳನ್ನು ಶಾಲೆಗೆ ಹಾಕುವ ದಿನ ತಂದೆತಾಯಿಗೆ ದಿನಾಂಕ ನೆನಪಿರದಿದ್ದರೆ ಗುರುಗಳು ಅದನ್ನೇ ಬರೆದುಕೊಳ್ಳುತ್ತಿದ್ದರು. ಆದರೆ ವಯಸ್ಸು ನಿರ್ಧರಿಸಲು ಬಾಲ ನ್ಯಾಯ ಕಾಯ್ದೆಯ 94ನೆಯ ಕಲಮಿನ ಕ್ರಮ ಸ್ಪಷ್ಟವಾಗಿದೆ: ಮೊದಲು ಶಾಲೆಯ ಜನ್ಮದಿನಾಂಕದ ಪ್ರಮಾಣಪತ್ರ ಅಥವಾ ಎಸ್ಸೆಸ್ಸೆಲ್ಸಿ ಪ್ರಮಾಣಪತ್ರ, ಅವಿಲ್ಲದಿದ್ದರೆ ಪಂಚಾಯಿತಿ ಅಥವಾ ನಗರಸಭೆಯ ಜನನ ಪ್ರಮಾಣಪತ್ರ, ಇವು ಯಾವುವೂ ಇಲ್ಲದಿದ್ದಾಗ ಮಾತ್ರ ವೈದ್ಯಕೀಯ ಪರೀಕ್ಷೆ. ದೀಪಾವಳಿಯ ನೆನಪಿಗೆ ಈ ಪಟ್ಟಿಯಲ್ಲಿ ಜಾಗವಿಲ್ಲ. ಸಮಿತಿಯ ಲೆಕ್ಕದಲ್ಲಿ ಅವಳು ಜೂನ್‌ವರೆಗೆ ಮಗು. ದೀಪಾವಳಿಯ ಮಾತು ಬಂದಿರುವುದರಿಂದ, ವಕೀಲರು ಹೇಳಿದ ತಡೆಯಾಜ್ಞೆಗೆ ಈಗಲೇ ಓಡಾಡಿ. ಮುಚ್ಚಳಿಕೆಯ ಬಗ್ಗೆ ಅವರು ಹೇಳಿದ್ದನ್ನೂ ಒಪ್ಪುತ್ತೇನೆ.

ತಾಯಿಯ ಪ್ರಶ್ನೆಗೆ ಮಾತ್ರ ನಾವು ಯಾರೂ ಇನ್ನೂ ಉತ್ತರ ಕೊಟ್ಟಿಲ್ಲ. ಗ್ಯಾಂಗಿನ ಮುಂಗಡ ತೆಗೆದುಕೊಂಡಾಗಿದೆ, ಅವರು ಹೋಗಲೇಬೇಕು, ಹುಡುಗಿ ಎಲ್ಲಿರಬೇಕು? ಬಾಲಮಂದಿರ ಕೊನೆಯ ದಾರಿ. ಅವಳು ಪಿಯುಸಿ ಓದುತ್ತಿದ್ದರೆ ವಿದ್ಯಾರ್ಥಿನಿಲಯದ ಸೀಟಿಗಾಗಿ ಸಮಿತಿಯಿಂದಲೇ ಸಮಾಜ ಕಲ್ಯಾಣ ಇಲಾಖೆಗೆ ಪತ್ರ ಬರೆಸಬಹುದು. ಇದರ ಜೊತೆಗೆ ಮಕ್ಕಳ ರಕ್ಷಣೆಯ ಕೇಂದ್ರ ಯೋಜನೆಯಾದ ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವಕ್ಕೂ (ಮಗುವಿನ ಪಾಲನೆಗೆ ಧನಸಹಾಯ) ಅರ್ಜಿ ಹಾಕಿಸಿ. ಗಂಡ ಬಿಟ್ಟುಹೋದ ತಾಯಿಯ ಮಕ್ಕಳು ಅದರ ವ್ಯಾಪ್ತಿಗೆ ಬರುತ್ತಾರೆ. ಗ್ರಾಮೀಣ ಕುಟುಂಬದ ವಾರ್ಷಿಕ ಆದಾಯ 72,000 ರೂಪಾಯಿ ಮೀರಿರಬಾರದು, ಮಗುವಿಗೆ ತಿಂಗಳಿಗೆ 4,000 ರೂಪಾಯಿ ಸಿಗುತ್ತದೆ. 22ನೆಯ ನಮೂನೆಯ ವರದಿಯ ಕೊನೆಯ ಶಿಫಾರಸಿನಲ್ಲಿ ಇವೆರಡನ್ನೂ ಬರೆಯಿರಿ. “ಮದುವೆ ಮಾಡಬಾರದೆಂದು ತಿಳಿಹೇಳಲಾಗಿದೆ” ಎಂದು ಬರೆದು ಸಹಿ ಮಾಡಬೇಡಿ.

ಮರುತ್ತರ: ಎಂ.ಎಸ್.ಡಬ್ಲ್ಯೂ. ವಿದ್ಯಾರ್ಥಿನಿ, ವಿಜಯಪುರ

ಸರ್, ಶಿಫಾರಸಿನ ಕಾಲಮಿನಲ್ಲಿ ನಾನು ಬರೆದಿದ್ದ ಕರಡು ವಾಕ್ಯ ಬಹುಮಟ್ಟಿಗೆ ಅದೇ ಇತ್ತು, ಹೊಡೆದುಹಾಕಿದ್ದೇನೆ. ಮಂಗಳವಾರ ಸಮಿತಿಯ ಬೈಠಕ್ ಇದೆ. ಆದಾಯ ಪ್ರಮಾಣಪತ್ರಕ್ಕೆ ತಾಯಿ ನಾಡಕಚೇರಿಯಲ್ಲಿ ಅರ್ಜಿ ಕೊಟ್ಟಿದ್ದಾರೆ, ಅದು ಬರುವುದು ತಡವಾದರೆ ಸ್ವೀಕೃತಿಯನ್ನೇ ಲಗತ್ತಿಸುತ್ತೇವೆ. ತಡೆಯಾಜ್ಞೆಯ ಬಗ್ಗೆ ಮೇಲ್ವಿಚಾರಕರು ಇವತ್ತು ಬಾಲ್ಯವಿವಾಹ ನಿಷೇಧಾಧಿಕಾರಿಯೂ ಆಗಿರುವ ಶಿಶು ಅಭಿವೃದ್ಧಿ ಯೋಜನಾಧಿಕಾರಿ (ಸಿಡಿಪಿಒ) ಅವರೊಂದಿಗೆ ಮಾತನಾಡಿದ್ದಾರೆ. ಹುಡುಗಿ ನನ್ನನ್ನು ಬಸ್ಸಿನವರೆಗೆ ಕಳಿಸಲು ಬಂದವಳು, ವಿದ್ಯಾರ್ಥಿನಿಲಯದಲ್ಲಿ ರಾತ್ರಿ ಓದಲು ಎಷ್ಟು ಹೊತ್ತಿನವರೆಗೆ ಲೈಟು ಇರುತ್ತದೆ ಎಂದು ಕೇಳಿದಳು. ಅದನ್ನು ವಿಚಾರಿಸಿ ತಿಳಿಸುವುದಾಗಿ ಅವಳಿಗೆ ಹೇಳಿ ಬಂದಿದ್ದೇನೆ.